ಪಿಂಚಣಿ ಹಣದಲ್ಲಿ ಪರದೇಶದ ಸೇವೆ: ಮಾರ್ಮನ್ ಹಿರಿಯ ದಂಪತಿಗಳು ದಿನವಿಡೀ ಏನು ಮಾಡುತ್ತಾರೆ?

1978ರ ನವೆಂಬರ್‌ನಲ್ಲಿ ಅಮೆರಿಕದಿಂದ ಎರಡು ಜೋಡಿ ನೈಜೀರಿಯಾಕ್ಕೆ ಬಂದಿಳಿದವು. ರೆಂಡೆಲ್ ಮತ್ತು ರೇಚಲ್ ಮೇಬಿ ಒಂದು ಜೋಡಿ, ಎಡ್ವಿನ್ ಮತ್ತು ಜಾನತ್ ಕ್ಯಾನನ್ ಇನ್ನೊಂದು. ನಾಲ್ವರೂ ಸಂಸಾರದ ಜವಾಬ್ದಾರಿ ಮುಗಿಸಿದ ವಯಸ್ಸಿನವರು. ಅವರ ಮಾರ್ಮನ್ ಚರ್ಚು ಅಲ್ಲಿಯವರೆಗೆ ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಆ ನಿರ್ಬಂಧ ತೆಗೆದದ್ದು ಅದೇ ವರ್ಷದ ಜೂನ್‌ನಲ್ಲಿ. ಆದರೆ ನೈಜೀರಿಯಾದಲ್ಲಿ ಅಷ್ಟರೊಳಗೆ ಕೆಲವರು ಈ ಚರ್ಚಿನ ಬಗ್ಗೆ ಓದಿ, ತಾವಾಗಿಯೇ ಸಭೆ ಕಟ್ಟಿಕೊಂಡು, ಯಾರಾದರೂ ಬನ್ನಿ ಎಂದು ವರ್ಷಗಟ್ಟಲೆ ಪತ್ರ ಬರೆಯುತ್ತಿದ್ದರು. ಆಂಥೊನಿ ಒಬಿನ್ನಾ ಎಂಬ ಶಿಕ್ಷಕರು ಅವರಲ್ಲೊಬ್ಬರು. ನವೆಂಬರ್ 21ರಂದು ಅವರೂ ಸೇರಿ 19 ಜನರಿಗೆ ಊರ ಹೊಳೆಯಲ್ಲಿ ದೀಕ್ಷಾಸ್ನಾನವಾಯಿತು. ಮುಂದಿನ ಒಂದು ವರ್ಷದಲ್ಲಿ ನೈಜೀರಿಯಾ, ಘಾನಾ ಎರಡೂ ದೇಶ ಸೇರಿ ಈ ಎರಡು ಜೋಡಿ ಕೈಯಾರೆ ಸೇರಿಸಿಕೊಂಡವರು 1,700ಕ್ಕೂ ಹೆಚ್ಚು ಜನ.

ಅಷ್ಟು ಸೂಕ್ಷ್ಮ ಹೊತ್ತಿನಲ್ಲಿ ಆ ಚರ್ಚು ಹುಡುಗರನ್ನು ಕಳಿಸಲಿಲ್ಲ, ಗಂಡ ಹೆಂಡಿರನ್ನು ಕಳಿಸಿತು. 1992ರಲ್ಲಿ ಮಂಗೋಲಿಯಾದ ಬಾಗಿಲು ತೆರೆದಾಗಲೂ ಮೊದಲು ಹೋದದ್ದು ಆರು ಹಿರಿಯ ಜೋಡಿಗಳೇ. ಉನ್ನತ ಶಿಕ್ಷಣ ವ್ಯವಸ್ಥೆಗೆ ನೆರವಾಗುವುದು, ಇಂಗ್ಲಿಷ್ ಕಲಿಸುವುದು ಅವರ ಕೆಲಸವಾಗಿತ್ತು. ಮಾರ್ಮನ್ ಮಿಷನರಿ ಎಂದರೆ ಬಿಳಿ ಶರಟು, ಟೈ ತೊಟ್ಟು ಮನೆಮನೆ ಬಾಗಿಲು ತಟ್ಟುವ ಇಬ್ಬರು ಎಳೆಯ ಹುಡುಗರು ಎಂಬ ಚಿತ್ರವೇ ಎಲ್ಲರ ತಲೆಯಲ್ಲಿದೆ. ಆ ಹುಡುಗರ ಹಿಂದೆ ನಿಂತು ಬಾಡಿಗೆ ಕಟ್ಟುವ, ಕಾರು ರಿಪೇರಿ ಮಾಡಿಸುವ, ಜ್ವರ ಬಂದರೆ ವಿಚಾರಿಸುವ, ಊರ ಆಸ್ಪತ್ರೆಗೆ ಉಪಕರಣ ತರಿಸಿಕೊಡುವ ಅರವತ್ತು ಎಪ್ಪತ್ತರ ದಂಪತಿಗಳು ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಇಡೀ ವ್ಯವಸ್ಥೆ ನಿಂತಿರುವುದು ಮಾತ್ರ ಬಹುಮಟ್ಟಿಗೆ ಇವರ ಹೆಗಲ ಮೇಲೆ.

ಮೊದಲು ಹಿನ್ನೆಲೆ. ಈ ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದರು. ಈಗಿನ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಬೈಬಲ್ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಕೂಡ ಇವರಿಗೆ ಧರ್ಮಗ್ರಂಥ. ಅದರಿಂದಲೇ ಮಾರ್ಮನ್ ಎಂಬ ಹೆಸರು ಅಂಟಿಕೊಂಡಿತು. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಪೂರ್ತಿ ಹೆಸರನ್ನೇ ಬಳಸಿ ಎಂದು ಕೇಳಿಕೊಂಡರೂ ಜನರ ಬಾಯಲ್ಲಿ ಹಳೆಯದೇ ಉಳಿದಿದೆ. ಹುಡುಗರು ಎರಡು ವರ್ಷ, ಹುಡುಗಿಯರು 18 ತಿಂಗಳು ಮಿಷನ್ನಿಗೆ ಹೋಗುತ್ತಾರೆ. ಹಾಗೆ ಹೊರಟ ಯುವಜನ ಈಗ ಲೋಕದಾದ್ಯಂತ 70 ಸಾವಿರಕ್ಕೂ ಹೆಚ್ಚು.

ಈ ಚರ್ಚಿನ ಒಂದು ಲಕ್ಷಣ ತಿಳಿಯದಿದ್ದರೆ ಹಿರಿಯ ದಂಪತಿಗಳ ಪಾತ್ರ ಅರ್ಥವಾಗುವುದಿಲ್ಲ. ಇಲ್ಲಿ ಊರಿನ ಮಟ್ಟದಲ್ಲಿ ಸಂಬಳದ ಪಾದ್ರಿ ಇಲ್ಲ. ದಂತವೈದ್ಯರೋ ಬಸ್ ಚಾಲಕರೋ ಐದಾರು ವರ್ಷ ಬಿಷಪ್ ಆಗಿ, ಸಂಜೆ ಮತ್ತು ಭಾನುವಾರ ಸಭೆ ನೋಡಿಕೊಂಡು, ಆಮೇಲೆ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಲೆಕ್ಕ ಬರೆಯುವವರು, ಮಕ್ಕಳಿಗೆ ಪಾಠ ಹೇಳುವವರು, 1842ರಲ್ಲಿ ಆರಂಭವಾದ ರಿಲೀಫ್ ಸೊಸೈಟಿ ಎಂಬ ಮಹಿಳಾ ಸಂಘವನ್ನು ನಡೆಸುವವರು, ಯಾರಿಗೂ ಪಗಾರ ಇಲ್ಲ. ಹೀಗಾಗಿ ಅಲ್ಲೇ ಹುಟ್ಟಿ ಬೆಳೆದು ನಲವತ್ತು ವರ್ಷ ಇಂಥ ಹೊಣೆ ಹೊತ್ತ ಸಾಮಾನ್ಯ ಗಂಡ ಹೆಂಡತಿಯ ಬಳಿ ಸಂಸ್ಥೆ ನಡೆಸುವ ಅನುಭವ ಅಪಾರವಾಗಿ ಕೂಡಿರುತ್ತದೆ. ಹೊಸದಾಗಿ ಚರ್ಚು ಕಾಲಿಟ್ಟ ದೇಶದಲ್ಲಿ ಇಲ್ಲದ್ದು ಅದೇ ಅನುಭವ. ಇಪ್ಪತ್ತರ ಹುಡುಗನಿಗೆ ಉತ್ಸಾಹ ಇದೆ, ಆದರೆ ಜಗಳವಾಡಿದ ಎರಡು ಕುಟುಂಬಗಳನ್ನು ಕೂರಿಸಿ ಮಾತಾಡಿಸುವುದು ಅವನಿಗೆ ಬರುವುದಿಲ್ಲ.

ಹೊರಡುವ ಕ್ರಮ ಹೀಗೆ. ವಯಸ್ಸು ನಲವತ್ತು ದಾಟಿರಬೇಕು, ಸಾಕಬೇಕಾದ ಮಕ್ಕಳು ಮನೆಯಲ್ಲಿ ಇರಬಾರದು, ಆರೋಗ್ಯ ತಕ್ಕಮಟ್ಟಿಗೆ ಇರಬೇಕು. ನಡೆಯುವುದು ಮಾತ್ರ ಬಹುಪಾಲು ಕೆಲಸದಿಂದ ನಿವೃತ್ತರಾದ ಮೇಲೆಯೇ. ಬಿಷಪ್ ಮೂಲಕ ಅರ್ಜಿ, ವೈದ್ಯರು ಮತ್ತು ದಂತವೈದ್ಯರ ತಪಾಸಣಾ ಪತ್ರ. ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷ, 23 ತಿಂಗಳು, ಹೀಗೆ ಅವಧಿಯನ್ನು ಅವರೇ ಸೂಚಿಸಬಹುದು. ಎಲ್ಲೆಲ್ಲಿ ಯಾವ ಕೆಲಸಕ್ಕೆ ಜನ ಬೇಕು ಎಂಬ ಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದನ್ನು ನೋಡಿ ಇಂಥ ದೇಶ, ಇಂಥ ಕೆಲಸ ಎಂದು ಇಷ್ಟವನ್ನೂ ಬರೆಯಬಹುದು. ಆದರೆ ಕೊನೆಯ ಮಾತು ಸಾಲ್ಟ್ ಲೇಕ್‌ನದ್ದು. ಚರ್ಚಿನ ಅಧ್ಯಕ್ಷರ ಸಹಿಯ ಕರೆಪತ್ರದಲ್ಲಿ ಬೇರೆಯೇ ದೇಶದ ಹೆಸರಿದ್ದರೂ ಹೊರಡಲು ಒಪ್ಪಿಯೇ ಅರ್ಜಿ ಹಾಕಿರುತ್ತಾರೆ. ಕರೆ ದೇವರದು ಎಂದು ಅವರು ನಂಬುತ್ತಾರೆ. ಹೊರಗಿನವರು ಒಪ್ಪಲಿ ಬಿಡಲಿ, ಮೂವತ್ತು ವರ್ಷ ಬಾಳಿದ ಮನೆಗೆ ಬೀಗ ಹಾಕಿ, ಹೆಸರು ಉಚ್ಚರಿಸಲೂ ಬಾರದ ಊರಿಗೆ ಹೊರಡುವ ಧೈರ್ಯ ಆ ನಂಬಿಕೆಯಿಂದಲೇ ಬರುತ್ತದೆ.

ಇನ್ನು ಹಣದ ಮಾತು. ಬಾಡಿಗೆ, ಊಟ, ವಿಮೆ, ಓಡಾಟ ಎಲ್ಲ ಅವರದೇ ಪಿಂಚಣಿ ಮತ್ತು ಉಳಿತಾಯದಿಂದ. ಸಂಬಳ ಇಲ್ಲವೇ ಇಲ್ಲ. ದುಬಾರಿ ನಗರಗಳಲ್ಲಿ ಬಾಡಿಗೆ ಕಟ್ಟಲಾಗದೆ ಅನೇಕರು ಹಿಂಜರಿಯುತ್ತಿದ್ದರು. ಅದಕ್ಕಾಗಿ 2011ರಲ್ಲಿ ಚರ್ಚು, ವಸತಿಗೆಂದು ದಂಪತಿ ಕೈಯಿಂದ ಹಾಕಬೇಕಾದ್ದು ತಿಂಗಳಿಗೆ ಹೆಚ್ಚೆಂದರೆ 1,400 ಡಾಲರ್ ಎಂದು ಮಿತಿ ಹಾಕಿತು. ಅದಕ್ಕಿಂತ ಹೆಚ್ಚಾದದ್ದನ್ನು ಚರ್ಚು ಭರಿಸುತ್ತದೆ. ಅಮೆರಿಕದ ಹಿರಿಯರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಸಾಮಾನ್ಯವಾಗಿ ದೇಶದ ಹೊರಗೆ ನಡೆಯುವುದಿಲ್ಲ. ಹಾಗಾಗಿ ಪ್ರತ್ಯೇಕ ವಿಮೆ ಮಾಡಿಸಲೇಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರನ್ನು ಒಳ್ಳೆಯ ಆಸ್ಪತ್ರೆ ಇರುವ ಕಡೆಗೇ ಹಾಕುತ್ತಾರೆ. ನಮ್ಮಲ್ಲಿ ನಿವೃತ್ತರಾದ ತಂದೆತಾಯಿ ಮಗಳ ಬಾಣಂತನಕ್ಕೆಂದು ಆರು ತಿಂಗಳ ವೀಸಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗುವುದು ಮಾಮೂಲು. ಇವರದು ಅದರ ತಿರುವುಮುರುವು. ಅದೇ ವಯಸ್ಸು, ಅದೇ ಎರಡೆರಡು ಸೂಟ್‌ಕೇಸು, ಅದೇ ಮಾತ್ರೆಯ ಡಬ್ಬಿ. ಆದರೆ ಸ್ವಂತ ಮೊಮ್ಮಕ್ಕಳನ್ನು ಬಿಟ್ಟು, ಗುರುತಿಲ್ಲದವರ ಮಕ್ಕಳ ನಡುವೆ ಇರಲು ಹೋಗುತ್ತಾರೆ.

ಹೆಚ್ಚಿನವರಿಗೆ ಯೂಟಾದ ಪ್ರೋವೊ ನಗರದಲ್ಲಿರುವ ತರಬೇತಿ ಕೇಂದ್ರದಲ್ಲಿ ಒಂದು ವಾರದ ತರಬೇತಿ. ಕಚೇರಿ ಕೆಲಸದವರಿಗೆ ಸಾಫ್ಟ್‌ವೇರ್ ಕಲಿಯಲು ಇನ್ನಷ್ಟು ದಿನ. ಅಲ್ಲಿಂದ ಹೊರಬಿದ್ದ ಮೇಲೆ ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ. ಗಂಡ ‘ಎಲ್ಡರ್’, ಹೆಂಡತಿ ‘ಸಿಸ್ಟರ್’, ಜೊತೆಗೆ ಮನೆತನದ ಹೆಸರು. ಇಡೀ ಅವಧಿಯಲ್ಲಿ ಮೊದಲ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ.

ಅವರ ದಿನ ಹೇಗಿರುತ್ತದೆ ಎಂಬುದು ಕೆಲಸದ ಮೇಲೆ ಹೋಗುತ್ತದೆ. ಮಿಷನ್ ಕಚೇರಿಯ ದಂಪತಿಯದ್ದು ಅಪ್ಪಟ ಆಫೀಸು ದಿನಚರಿ. ಒಂದು ಮಿಷನ್ ಎಂದರೆ ನೂರರಿಂದ ಇನ್ನೂರು ಯುವ ಮಿಷನರಿಗಳು. ಅವರು ವಾಸಿಸುವ ಹತ್ತಾರು ಫ್ಲಾಟುಗಳ ಕರಾರು ಪತ್ರ, ಕರೆಂಟು ಬಿಲ್ಲು, ಮುಂಗಡ ವಾಪಸು ಕೊಡದ ಮನೆ ಮಾಲೀಕರು, ವೀಸಾ ನವೀಕರಣ, ಡೆಂಟು ಬಿದ್ದ ಕಾರು, ತಪ್ಪು ಊರಿಗೆ ಹೋದ ಪಾರ್ಸೆಲ್, ಎಲ್ಲ ಇವರ ಮೇಜಿಗೆ ಬರುತ್ತವೆ. ಕೆಲವು ವಾರಗಳಿಗೊಮ್ಮೆ ವಿಮಾನ ನಿಲ್ದಾಣಕ್ಕೆ ಹೋಗಿ ಹೊಸ ಹುಡುಗರನ್ನು ಕರೆತರಬೇಕು, ಅವಧಿ ಮುಗಿದವರನ್ನು ಬೀಳ್ಕೊಡಬೇಕು. ಫ್ಲಾಟುಗಳ ತಪಾಸಣೆ ಇವರ ಖಾಸಾ ಕೆಲಸ. ಫ್ರಿಜ್ ತೆರೆದು ನೋಡುವುದು, ಬಚ್ಚಲುಮನೆಯ ಮೂಲೆ ನೋಡುವುದು, ಹೊಗೆ ಸೂಚಕದ ಗುಂಡಿ ಒತ್ತಿ ಸದ್ದು ಬರುತ್ತದೆಯೇ ಎಂದು ಪರೀಕ್ಷಿಸುವುದು, ತಿಗಣೆ ಬಿದ್ದ ಹಾಸಿಗೆ ಎಸೆದು ಹೊಸದು ತರಿಸುವುದು. ಬೈಯಬೇಕಾದ ಕಡೆ ಬೈದು, ಹೊರಡುವ ಮುಂಚೆ ಮನೆಯಲ್ಲಿ ಮಾಡಿ ತಂದ ಬ್ರೆಡ್ಡು, ಬಿಸ್ಕತ್ತು ಮೇಜಿನ ಮೇಲಿಟ್ಟು ಬರುತ್ತಾರೆ. ಮನೆ ಬಿಟ್ಟು ಮೊದಲ ಸಲ ಹೊರಬಂದ ಹದಿನೆಂಟರ ಹುಡುಗನಿಗೆ ಆ ತಪಾಸಣೆ ಬೇಕಾಗಿರುತ್ತದೆ. ಆ ಬ್ರೆಡ್ಡು ಅದಕ್ಕಿಂತ ಹೆಚ್ಚು ಬೇಕಾಗಿರುತ್ತದೆ ಎಂದು ನನಗೆ ಅನಿಸುತ್ತದೆ.

ನಿವೃತ್ತ ವೈದ್ಯರು, ನರ್ಸುಗಳು ಬಂದರೆ ಅವರಿಗೆ ಬೇರೆ ಹೊಣೆ. ಆ ದೇಶದಲ್ಲಿ ವೈದ್ಯ ಪರವಾನಗಿ ಇಲ್ಲದ್ದರಿಂದ ಅವರು ಚಿಕಿತ್ಸೆ ಕೊಡುವಂತಿಲ್ಲ. ಫೋನಿನಲ್ಲಿ ಸಲಹೆ ಕೊಡುತ್ತಾರೆ. ಹೊಟ್ಟೆ ಕೆಟ್ಟಿದೆ, ಕಾಲು ಉಳುಕಿದೆ, ಡೆಂಗೆ ಇರಬಹುದೇ, ಯಾವ ಆಸ್ಪತ್ರೆಗೆ ಹೋಗಲಿ, ಇಂಥ ಕರೆಗಳು ರಾತ್ರಿ ಎರಡು ಗಂಟೆಗೂ ಬರುತ್ತವೆ. ನಿದ್ದೆ ಬಾರದ, ಮನೆ ನೆನಪಾಗಿ ಅಳುವ ಯುವಕರ ಜೊತೆ ಮಾತಾಡಲು ಮನಃಶಾಸ್ತ್ರ ಬಲ್ಲ ಹಿರಿಯರನ್ನೂ ಈಗ ನೇಮಿಸುತ್ತಾರೆ.

ಸಣ್ಣ ಊರಿನ ಸಣ್ಣ ಸಭೆಗೆ ಹೋದವರ ಬದುಕು ಇದಕ್ಕಿಂತ ನಿಧಾನ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಕಷ್ಟ. ಬಾಡಿಗೆ ಮನೆಯ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೂವತ್ತು ಜನ ಸೇರುವ ಸಭೆ. ಭಾನುವಾರ ಎರಡು ಗಂಟೆಯ ಆರಾಧನೆ. ದ್ರಾಕ್ಷಾರಸದ ಬದಲು ರೊಟ್ಟಿಯ ಜೊತೆ ನೀರನ್ನು ಹಂಚುತ್ತಾರೆ. ಪ್ರವಚನ ಕೊಡುವವರೂ ಸದಸ್ಯರೇ. ಮುಂದೆ ನಿಂತು ಎಲ್ಲವನ್ನೂ ತಾವೇ ನಡೆಸಿಬಿಟ್ಟರೆ ಹಿರಿಯ ದಂಪತಿಗೆ ಸುಲಭ. ಆದರೆ ಅವರಿಗೆ ಕೊಟ್ಟ ಸೂಚನೆ, ಹಿಂದೆ ಕೂತು ಊರಿನವರಿಗೆ ಕಲಿಸಿ ಎಂಬುದು. ಒಂದು ಉದಾಹರಣೆ ಹೇಳುತ್ತೇನೆ. ಸದಸ್ಯರು ಆದಾಯದ ಹತ್ತನೇ ಒಂದು ಪಾಲನ್ನು ಲಕೋಟೆಯಲ್ಲಿ ಹಾಕಿ ಕೊಡುತ್ತಾರೆ. ತಿಂಗಳಿಗೊಂದು ಭಾನುವಾರ ಎರಡು ಊಟ ಬಿಟ್ಟು ಉಪವಾಸ ಮಾಡಿ, ಆ ಊಟದ ಹಣವನ್ನು ಬಡವರಿಗೆಂದು ಕೊಡುತ್ತಾರೆ. ಆ ಲಕೋಟೆಯನ್ನು ಒಬ್ಬರೇ ತೆರೆಯುವಂತಿಲ್ಲ. ಇಬ್ಬರು ಒಟ್ಟಿಗೆ ಕೂತು, ಒಟ್ಟಿಗೆ ತೆರೆದು, ಎಣಿಸಿ, ಚೀಟಿಯಲ್ಲಿರುವ ಅಂಕಿಗೆ ಹೊಂದಿಸಿ, ದಾಖಲಿಸಿ, ತಡಮಾಡದೆ ಬ್ಯಾಂಕಿಗೆ ಮುಟ್ಟಿಸಬೇಕು. ಹೊಸ ಗುಮಾಸ್ತನಿಗೆ ಇದನ್ನು ಕಲಿಸುವ ಹಿರಿಯರು ವಾರ ವಾರವೂ ಪಕ್ಕದಲ್ಲಿ ಕೂತಿರುತ್ತಾರೆ, ಹಣ ಮುಟ್ಟುವುದಿಲ್ಲ. ಅವನು ತಪ್ಪು ಕೂಡಿದರೆ ಮತ್ತೆ ಎಣಿಸು ಅನ್ನುತ್ತಾರೆ, ಅಷ್ಟೇ. ಹೆಂಡತಿ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಇಬ್ಬರು ಹುಡುಗಿಯರಿಗೆ ಕೀಬೋರ್ಡಿನ ಮೇಲೆ ಒಂದು ಭಜನೆಗೀತೆ ಕಲಿಸುತ್ತಿರಬಹುದು. ತಾವು ಹೋದ ಮೇಲೆ ಸಭೆಯಲ್ಲಿ ನುಡಿಸುವವರು ಯಾರಾದರೂ ಇರಬೇಕಲ್ಲ.

ಇನ್ನು ಮಾನವೀಯ ನೆರವಿನ ವಿಭಾಗಕ್ಕೆ ಹೋದವರು. ಇವರು ಬಾಗಿಲು ತಟ್ಟುವುದಿಲ್ಲ, ಧರ್ಮದ ಪಾಠವನ್ನೂ ಹೇಳುವುದಿಲ್ಲ. ಕೆಲಸ ಕುಡಿಯುವ ನೀರು, ಗಾಲಿಕುರ್ಚಿ, ಕಣ್ಣಿನ ಚಿಕಿತ್ಸೆ, ಲಸಿಕೆ, ಹೆರಿಗೆ ಆಸ್ಪತ್ರೆಗಳದ್ದು. ಹಣವನ್ನು ಕೈಗೆ ಕೊಡುವ ಪದ್ಧತಿ ಇಲ್ಲ. ಸ್ಥಳೀಯ ಆಸ್ಪತ್ರೆ, ಶಾಲೆ, ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ಯೋಜನೆ ಬರೆದು, ಸಾಮಾನು ಕೊಳ್ಳಲು ಮೂರು ಕಡೆ ದರಪಟ್ಟಿ ತರಿಸಿ, ಮೇಲಿನವರ ಒಪ್ಪಿಗೆ ಪಡೆದು, ಬಂದ ಸಾಮಾನನ್ನು ಪೆಟ್ಟಿಗೆ ಬಿಚ್ಚಿ ಎಣಿಸಿ ಒಪ್ಪಿಸಬೇಕು. ಕೊಳವೆಬಾವಿ ಆದರೆ ಹಳ್ಳಿಯವರು ಮೊದಲು ನೀರಿನ ಸಮಿತಿ ಕಟ್ಟಿಕೊಳ್ಳಬೇಕು, ಗುಂಡಿ ತೋಡುವ ಶ್ರಮ ಹಾಕಬೇಕು, ಪಂಪು ಕೆಟ್ಟರೆ ರಿಪೇರಿ ಮಾಡುವವರು ಊರಲ್ಲೇ ತಯಾರಾಗಬೇಕು.

ನವಜಾತ ಶಿಶುಗಳ ತರಬೇತಿಯನ್ನು ಹತ್ತಿರದಿಂದ ನೋಡಿ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಮೊದಲ ಒಂದು ನಿಮಿಷದೊಳಗೆ ಗಾಳಿ ಕೊಡಬೇಕು ಎಂಬುದು ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಕಾರ್ಯಕ್ರಮದ ತಿರುಳು. ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲಿ ಆರಂಭಿಸಿದ ಇದರಲ್ಲಿ ಈ ಚರ್ಚೂ ಪಾಲುದಾರ. ತರಬೇತಿಗೆ ಬಳಸುವ ಬೊಂಬೆ ಖಾಲಿ ಚೀಲದಂತೆ ಮಡಿಸಿ ಬರುತ್ತದೆ. ನೀರು ತುಂಬಿದರೆ ಹುಟ್ಟಿದ ಮಗುವಿನ ತೂಕ, ಅದರದ್ದೇ ಜೋಲುವ ಕತ್ತು. ಪಕ್ಕದ ರಬ್ಬರ್ ಉಂಡೆ ಒತ್ತಿದರೆ ಹೊಕ್ಕುಳಬಳ್ಳಿಯಲ್ಲಿ ನಾಡಿ ಮಿಡಿಯುತ್ತದೆ, ಇನ್ನೊಂದನ್ನು ಒತ್ತಿದರೆ ಎದೆ ಏರಿಳಿಯುತ್ತದೆ. ಸೂಲಗಿತ್ತಿಯರು, ನರ್ಸುಗಳು ಜೋಡಿ ಜೋಡಿಯಾಗಿ ಕೂತು ಬಟ್ಟೆಯಿಂದ ಒರೆಸುವುದು, ಬೆನ್ನು ಉಜ್ಜುವುದು, ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರಿಸಿ ಚೀಲ ಒತ್ತುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಕಲಿಸುವವರು ಕೆಲವು ದಿನಕ್ಕೆಂದು ಬಂದ ಸ್ವಯಂಸೇವಕ ವೈದ್ಯರು. ಅದಕ್ಕೂ ಮುಂಚೆ ಆರೋಗ್ಯ ಇಲಾಖೆಯ ಮೆಟ್ಟಿಲು ಹತ್ತಿ ಅನುಮತಿ ತಂದವರು, ಕಸ್ಟಮ್ಸ್‌ನಿಂದ ಬೊಂಬೆಯ ಪೆಟ್ಟಿಗೆ ಬಿಡಿಸಿದವರು, ಹಳ್ಳಿಯಿಂದ ಬರುವ ನರ್ಸುಗಳಿಗೆ ಊಟ ವಸತಿ ಗೊತ್ತುಮಾಡಿದವರು, ಆಮೇಲೆ ಆಸ್ಪತ್ರೆಗೆ ಹೋಗಿ ಕಲಿತದ್ದು ಬಳಕೆಯಲ್ಲಿದೆಯೇ ಎಂದು ವಿಚಾರಿಸುವವರು ಈ ಹಿರಿಯ ದಂಪತಿ. ಫೋಟೊದಲ್ಲಿ ಬಾರದ ಈ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಳೆಯ ದಾಖಲೆಗಳ ಕೆಲಸ ಮತ್ತೊಂದು ಲೋಕ. ಕುಟುಂಬದ ಬಂಧ ಸಾವಿನ ಆಚೆಗೂ ಉಳಿಯುತ್ತದೆ, ಸತ್ತ ಪೂರ್ವಿಕರ ಪರವಾಗಿಯೂ ಸಂಸ್ಕಾರ ಮಾಡಬಹುದು ಎಂಬುದು ಇವರ ನಂಬಿಕೆ. ಅದಕ್ಕೆ ಪೂರ್ವಿಕರ ಹೆಸರು ಗೊತ್ತಿರಬೇಕು. 1894ರಲ್ಲಿ ಶುರುವಾದ ವಂಶಾವಳಿ ಸಂಘ ಇಂದು ಫ್ಯಾಮಿಲಿಸರ್ಚ್ ಆಗಿದೆ. 1938ರಿಂದ ಮೈಕ್ರೋಫಿಲ್ಮ್ ಮಾಡಿಟ್ಟ ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣ 2021ರಲ್ಲಿ ಮುಗಿಯಿತು. ಹರಿದ್ವಾರದ ಪಂಡಾಗಳು ತಲೆಮಾರುಗಳಿಂದ ಬರೆದಿಟ್ಟ ಯಾತ್ರಿಕರ ವಂಶಾವಳಿ ವಹಿಗಳೂ ಆ ಸಂಗ್ರಹದಲ್ಲಿವೆ ಎಂಬುದು ನಮ್ಮವರಿಗೆ ಆಸಕ್ತಿಯ ವಿಷಯ. ಪತ್ರಾಗಾರದಲ್ಲಿ ಕ್ಯಾಮೆರಾ ಹಿಡಿದು ಕೂರುವ ಹಿರಿಯ ದಂಪತಿಗಳಲ್ಲಿ ಒಬ್ಬರು ಹಾಳೆ ಬಿಡಿಸಿ, ಧೂಳು ಕೊಡವಿ, ಮಡಿಕೆ ಸರಿಮಾಡಿ ಕೊಟ್ಟರೆ ಇನ್ನೊಬ್ಬರು ಕ್ಲಿಕ್ಕಿಸುತ್ತಾರೆ. ದಿನವಿಡೀ ಅದೇ. ಬೇರೆ ಭಾಷೆಯ ದೇಶದಲ್ಲಿ ಮಾತು ಬಾರದೆಯೂ ಮಾಡಬಹುದಾದ ಕೆಲಸ ಎಂದು ಇದನ್ನು ಆರಿಸಿಕೊಳ್ಳುವವರೂ ಉಂಟು.

ನಿಯಮಗಳು ಹುಡುಗರಿಗಿದ್ದಷ್ಟು ಬಿಗಿಯಿಲ್ಲ. ಯುವ ಮಿಷನರಿಗಳು ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು, ಜೊತೆಗಾರನನ್ನು ಬಿಟ್ಟು ಅಲುಗಾಡುವಂತಿಲ್ಲ. 2019ರವರೆಗೆ ಅವರು ಮನೆಗೆ ಫೋನ್ ಮಾಡುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಈಗ ವಾರಕ್ಕೊಮ್ಮೆ. ಹಿರಿಯರಿಗೆ ಈ ಗಂಟೆಯ ಲೆಕ್ಕ ಇಲ್ಲ. ಮೊಮ್ಮಕ್ಕಳ ಜೊತೆ ಬೇಕಾದಾಗ ವೀಡಿಯೊ ಕರೆ ಮಾಡಬಹುದು, ರಜೆಯ ದಿನ ಊರು ನೋಡಬಹುದು. ಆದರೆ ಯಾರೂ ಮುಂಚಿತವಾಗಿ ಹೇಳದ ಕಷ್ಟವೊಂದಿದೆ. ನಲವತ್ತು ವರ್ಷ ಗಂಡ ಒಂದು ಕಡೆ ಕೆಲಸಕ್ಕೆ, ಹೆಂಡತಿ ಇನ್ನೊಂದು ಕಡೆಗೆ ಹೋಗಿ ಸಂಜೆ ಸೇರುತ್ತಿದ್ದವರು ಈಗ ಎರಡು ಕೋಣೆಯ ಫ್ಲಾಟಿನಲ್ಲಿ, ಒಂದೇ ಕಾರಿನಲ್ಲಿ, ಒಂದೇ ಮೇಜಿನಲ್ಲಿ ಇಪ್ಪತ್ನಾಲ್ಕು ಗಂಟೆ. ದಾರಿ ತಪ್ಪಿದಾಗ ಯಾರು ಸರಿ ಎಂಬ ವಾದ, ಕಂಪ್ಯೂಟರ್ ಬರುವವರ ಮೇಲೆ ಬಾರದವರ ಸಿಡಿಮಿಡಿ ಇದ್ದದ್ದೇ. ಊರಲ್ಲಿ ಮೊಮ್ಮಗುವಿನ ಜನನ, ಮದುವೆ, ವಯಸ್ಸಾದ ತಾಯಿಯ ಕಾಯಿಲೆ ಕಾಯುವುದಿಲ್ಲ. ಅನುಮತಿ ಪಡೆದು, ಸ್ವಂತ ಖರ್ಚಿನಲ್ಲಿ, ಕೆಲವು ದಿನಕ್ಕೆ ಹೋಗಿಬರಲು ಅವಕಾಶ ಇದೆ. ಎಲ್ಲದಕ್ಕೂ ಹೋಗಲಾಗುವುದಿಲ್ಲ.

ಹಾಗಾದರೆ ಇದೆಲ್ಲ ಮತಾಂತರಕ್ಕಾಗಿಯೇ ಎಂಬ ಪ್ರಶ್ನೆ ನಮ್ಮ ಓದುಗರಿಗೆ ಸಹಜವಾಗಿ ಬರುತ್ತದೆ. ಮುಚ್ಚಿಡುವುದೇನೂ ಇಲ್ಲ. ಜನರನ್ನು ತಮ್ಮ ಚರ್ಚಿಗೆ ಕರೆಯುವುದು ಇವರ ಧರ್ಮದ ನಡುಗಂಬ. ಯುವ ಮಿಷನರಿಗಳು ಇರುವುದೇ ಅದಕ್ಕೆ, ಅವರಿಗೆ ಬೆಂಬಲವಾಗಿ ನಿಂತ ಹಿರಿಯರೂ ಆ ಯತ್ನದ ಭಾಗವೇ. ಆದರೆ ಕಾನೂನು ಬೇಡವೆಂದ ಕಡೆ ಬೇಡ ಎಂಬ ನಿಯಮವೂ ಅಷ್ಟೇ ಗಟ್ಟಿ. ಜೆರುಸಲೇಮಿನ ಸ್ಕೋಪಸ್ ಬೆಟ್ಟದ ಮೇಲೆ ಇವರ ವಿಶ್ವವಿದ್ಯಾಲಯದ ಕೇಂದ್ರವಿದೆ. ಅದನ್ನು ಕಟ್ಟುವಾಗ ಯಹೂದಿ ಸಂಘಟನೆಗಳಿಂದ ಭಾರಿ ವಿರೋಧ ಬಂತು. ಧರ್ಮಪ್ರಚಾರ ಮಾಡುವುದಿಲ್ಲ ಎಂದು ಲಿಖಿತ ಮಾತು ಕೊಟ್ಟ ಮೇಲೆಯೇ ಕೆಲಸ ಸಾಗಿದ್ದು. ಅಲ್ಲಿ ಸೇವೆ ಸಲ್ಲಿಸುವ ಹಿರಿಯ ದಂಪತಿಗಳು ಸಂದರ್ಶಕರಿಗೆ ಕಟ್ಟಡ ತೋರಿಸುತ್ತಾರೆ, ಸಂಗೀತ ಕಚೇರಿಗೆ ಬಂದವರನ್ನು ಕೂರಿಸುತ್ತಾರೆ. ಯಾರಾದರೂ ಧರ್ಮದ ಬಗ್ಗೆ ಕೇಳಿದರೂ ಮಾತು ಮುಂದುವರಿಸುವುದಿಲ್ಲ.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬಂದಿದೆ. ಹೈದರಾಬಾದ್ ಮೂಲದ ಕೀಟವಿಜ್ಞಾನಿ ಎಡ್ವಿನ್ ಧರ್ಮರಾಜು ಮತ್ತು ಪತ್ನಿ ಎಲ್ಸಿ ಸಮೋವಾ ದ್ವೀಪದಲ್ಲಿದ್ದಾಗ ಈ ಚರ್ಚು ಸೇರಿದರು. 1978ರ ಡಿಸೆಂಬರ್‌ನಲ್ಲಿ ಮಿಷನರಿ ದಂಪತಿಯಾಗಿ ತಮ್ಮದೇ ಊರಿಗೆ ಬಂದು, ಬಂಧುಗಳಲ್ಲೇ 22 ಜನರನ್ನು ಸೇರಿಸಿಕೊಂಡರು. ಬೆಂಗಳೂರು ಮಿಷನ್ ಆರಂಭವಾದದ್ದು 1993ರಲ್ಲಿ, ದೆಹಲಿಯದ್ದು 2007ರಲ್ಲಿ. ಭಾರತದಲ್ಲಿ ಇವರ ಮೊದಲ ಟೆಂಪಲ್‌ಗೆ, ಅಂದರೆ ವಾರದ ಸಭೆಗಲ್ಲದೆ ವಿಶೇಷ ಸಂಸ್ಕಾರಗಳಿಗೆಂದೇ ಕಟ್ಟುವ ಮಂದಿರಕ್ಕೆ, ಆರಿಸಿಕೊಂಡ ಊರೂ ಬೆಂಗಳೂರೇ. 2018ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ವಿಧಿ ನಡೆಯಿತು. ಅಷ್ಟಾದರೂ ದೇಶದಲ್ಲಿ ಸದಸ್ಯರು ಹದಿನೈದು ಸಾವಿರದ ಆಸುಪಾಸು ಮಾತ್ರ. ಬೆಂಗಳೂರಿಗೆ ಬಂದ ವಿದೇಶಿ ಹಿರಿಯರಿಗೆ ಎದುರಾಗುವ ಮೊದಲ ಇಕ್ಕಟ್ಟು ಕಾಫಿಯದ್ದು. 1833ರಲ್ಲಿ ಬಂದ ಒಂದು ಉಪದೇಶದ ಮೇರೆಗೆ ಇವರಿಗೆ ಮದ್ಯ, ತಂಬಾಕಿನ ಜೊತೆ ಕಾಫಿ, ಟೀ ಕೂಡ ವರ್ಜ್ಯ. ಮನೆಗೆ ಹೋದ ಕೂಡಲೇ ಫಿಲ್ಟರ್ ಕಾಫಿಯ ಲೋಟ ಮುಂದೆ ಬರುವ ಊರಿನಲ್ಲಿ ಬೇಡ ಅನ್ನುವುದು ಹೇಗೆ? ಒಂದು ಲೋಟ ನೀರು ಅಥವಾ ಮಜ್ಜಿಗೆ ಕೊಟ್ಟರೆ ಸಾಕು ಎಂದು ಮೊದಲೇ ಕೇಳಿಬಿಟ್ಟರೆ ಮನೆಯವರಿಗೂ ಸಮಾಧಾನ.

ಅವಧಿ ಮುಗಿಯುವಾಗ ಇವರೆಲ್ಲರಿಗೂ ಎದುರಾಗುವ ನಿಜವಾದ ತೊಡಕು, ಜಾಗಕ್ಕೆ ಇನ್ನೊಂದು ಜೋಡಿ ಸಿಗದಿರುವುದು. ಹಿರಿಯ ದಂಪತಿಗಳಿಗೆ ಬೇಡಿಕೆ ಯಾವಾಗಲೂ ಲಭ್ಯತೆಗಿಂತ ಹೆಚ್ಚು. ಬದಲಿ ಬಾರದ ಕಚೇರಿಯಲ್ಲಿ ಲೆಕ್ಕಪತ್ರ ಹುಡುಗರ ಕೈಗೆ ಹೋಗುತ್ತದೆ, ಆಸ್ಪತ್ರೆಯವರು ಹಳೆಯ ನಂಬರಿಗೇ ಫೋನ್ ಮಾಡುತ್ತಿರುತ್ತಾರೆ. ಅದನ್ನು ಬಲ್ಲವರು ಕೊನೆಯ ತಿಂಗಳುಗಳಲ್ಲಿ ಹೊಸ ಯೋಜನೆ ಕೈಗೆತ್ತಿಕೊಳ್ಳುವುದಿಲ್ಲ. ಮನೆ ಮಾಲೀಕರ ಹೆಸರು ನಂಬರು, ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನೆಲ್ಲ ಒಂದು ಕಡತಕ್ಕೆ ಬರೆದು, ಊರಿನವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಪುಟದಲ್ಲಿರುವ ಕೆಲಸವನ್ನೂ ಅವರ ಕೈಯಿಂದಲೇ ಒಂದೊಂದು ಸಲ ಮಾಡಿಸುತ್ತಾರೆ.